ಪ್ರೂಫಿನಲ್ಲಿ ಉಳಿದ ಎರಡು ಹೆಸರು

"ಸರ್, ಅದು ತಲೆಕೆಳಗಾಗಿದೆ!"

ಚೂಡಾಮಣಿ ತಡೆಯಲಾರದೆ ಹೇಳಿಯೇಬಿಟ್ಟಳು.

ಎದುರಿಗೆ ಕುಳಿತಿದ್ದ ಡಿಸೈನ್ ಸ್ಟುಡಿಯೋದ ಯಜಮಾನ ಅಮರೇಶ್ ಅವಳ ಪೋಸ್ಟರನ್ನು ಬುಡಮೇಲು ಹಿಡಿದು ನೋಡುತ್ತಿದ್ದ. ಕೆಲಸ ಕೇಳಲೆಂದು ಊಟ ನಿದ್ದೆ ಬಿಟ್ಟು ಮಾಡಿದ ಪೋಸ್ಟರು! ಮೂಲೆಗೊಂದು ನವಿಲು, ನಡುವೆ ದೀಪ, ಸುತ್ತ ಮಲ್ಲಿಗೆ ಬಳ್ಳಿ, ಸಾಲಿಗೊಂದು ಬಗೆಯ ಅಕ್ಷರ...

"ಗೊತ್ತು," ಎಂದ ಅವನು, ತಲೆ ಎತ್ತದೆ. "ನೆಟ್ಟಗೆ ಹಿಡಿದ್ರೆ ಕಣ್ಣು ಓದೋಕೆ ಹೋಗುತ್ತೆ. ತಿರುಗಿಸಿದ್ರೆ ಚಿತ್ರದ ಭಾರ ಯಾವ ಕಡೆ ವಾಲಿದೆ ಅಂತ ಕಾಣುತ್ತೆ."

ಆಮೇಲೆ ಕಿಟಕಿಯತ್ತ ಕೈ ತೋರಿಸಿದ.

"ಒಂದ್ ಕೆಲಸ ಮಾಡಿ. ಕೆಳಗಿಳಿದು, ರಸ್ತೆ ದಾಟಿ, ಆ ಟೀ ಅಂಗಡಿ ಹತ್ರ ಹೋಗಿ."

ಚೂಡಾಮಣಿಯ ಮುಖಕ್ಕೆ ರಕ್ತ ನುಗ್ಗಿತು. 'ಆಚೆ ಹೋಗು ಅಂತ ನೇರವಾಗಿ ಹೇಳೋಕೆ ಇವನಿಗೇನು ಧಾಡಿ! ಟೀ ಕುಡಿದು ಮನೆಗೆ ಹೋಗು ಅಂತ ಸುತ್ತಿಬಳಸಿ ಬೇರೆ ಹೇಳ್ತಾನೆ!'

ದಡದಡನೆ ಮೆಟ್ಟಿಲಿಳಿದಳು. ಅದು ೧೯೯೮ರ ಮೈಸೂರು. ಕಂಪ್ಯೂಟರ್ ಕ್ಲಾಸಿನ ಬೋರ್ಡುಗಳು ಬೀದಿಬೀದಿಯಲ್ಲೂ ಏಳುತ್ತಿದ್ದ ಕಾಲ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿತ ಸರ್ಟಿಫಿಕೇಟು ಅವಳ ಕೈಯಲ್ಲಿತ್ತು. "ಬ್ಯಾಂಕ್ ಪರೀಕ್ಷೆ ಬರಿ ಅಂದ್ರೆ ಬಣ್ಣ ಬಳಿಯೋಕೆ ಹೋಗ್ತಾಳಂತೆ," ಎಂದು ಬೆಳಿಗ್ಗೆಯಷ್ಟೇ ಗೊಣಗಿದ್ದ ಅಪ್ಪ ಸುಂದರೇಶರ ಮಾತು ಕಿವಿಯಲ್ಲೇ ಇತ್ತು. ಈಗ ಯಾವ ಮುಖ ಹೊತ್ತು ರಾಮಕೃಷ್ಣನಗರದ ಮನೆಗೆ ಹೋಗುವುದು?

ರಸ್ತೆ ದಾಟಿದವಳು ಆ ಸ್ಟುಡಿಯೋವನ್ನು ಕೊನೆಯ ಸಲ ದುರುಗುಟ್ಟಿ ನೋಡೋಣವೆಂದು ತಿರುಗಿದಳು.

ಮಹಡಿಯ ಕಿಟಕಿಯಲ್ಲಿ ಅವಳ ಪೋಸ್ಟರು ನೇತಾಡುತ್ತಿತ್ತು!

ನವಿಲು ಎಲ್ಲಿ? ದೀಪ ಎಲ್ಲಿ? ಯಾವ ಅಂಗಡಿಯ ಜಾಹೀರಾತು ಎಂಬುದೇ ತಿಳಿಯುವಂತಿರಲಿಲ್ಲ. ಎಲ್ಲ ಕಲಸಿ ಕಂದುಬಣ್ಣದ ರಾಡಿಯಾಗಿತ್ತು.

"ಏನವ್ವಾ ಅದು, ಕಂಬಳಿ ಒಣಗಾಕವ್ರಾ?" ಟೀ ಅಂಗಡಿಯ ಇಂದ್ರಮ್ಮ ಕಣ್ಣು ಕಿರಿದು ಮಾಡಿ ಕೇಳಿದರು.

ಚೂಡಾಮಣಿಗೆ ಅಳು ಬಂತು. ಅದರ ಹಿಂದೆಯೇ, ಯಾಕೋ, ನಗುವೂ ಬಂತು. ಮತ್ತೆ ಮಹಡಿ ಹತ್ತಿದಳು.

"ಏನ್ ಕಾಣ್ತು?" ಎಂದ ಅಮರೇಶ್.

"ಏನೂ ಕಾಣ್ಲಿಲ್ಲ ಸರ್."

"ಉಸಿರಾಡೋಕೆ ಒಂಚೂರಾದ್ರೂ ಜಾಗ ಬಿಟ್ಟಿದ್ದೀರಾ ಅದರಲ್ಲಿ? ನಾಳೆಯಿಂದ ಕೆಲಸಕ್ಕೆ ಬನ್ನಿ."

"ಹಾಂ? ಏನೂ ಕಾಣ್ಲಿಲ್ಲ ಅಂದೆನಲ್ಲ!"

"ತಾನು ಮಾಡಿದ್ದನ್ನ ನೋಡಿ ಹಾಗೆ ಹೇಳೋರನ್ನ ಹುಡುಕ್ತಾ ಇದ್ದೆ," ಎಂದು ಅವನು ಮೊದಲ ಬಾರಿಗೆ ನಕ್ಕ.

ಆ ನಗು ಅವಳೊಂದಿಗೆ ಬಸ್ಸು ಹತ್ತಿ ಮನೆಯವರೆಗೂ ಬಂತು ಎಂದರೆ ಓದುಗರು ನಂಬಬೇಕು.

ಜಯಲಕ್ಷ್ಮಿಪುರಂನ ಆ ಪುಟ್ಟ ಸ್ಟುಡಿಯೋದಲ್ಲಿ ಚೂಡಾಮಣಿ ಕಲಿತದ್ದು ಕ್ಲಾಸಿನಲ್ಲಿ ಯಾರೂ ಹೇಳಿಕೊಡದ ವಿದ್ಯೆ. ಮೌಸ್ ಹಿಡಿಯುವುದು ಯಾರಿಗೂ ಬರುತ್ತದೆ. ತನಗೆ ತುಂಬ ಇಷ್ಟವಾದ ಹೂವನ್ನು ತಾನೇ ಅಳಿಸುವುದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು!

ಒಮ್ಮೆ ಊರಂಚಿನ ಕೆಸರೆಯಲ್ಲಿ ನಡೆಯಲಿದ್ದ ಉಚಿತ ಕಣ್ಣಿನ ತಪಾಸಣೆಗೆ ಪೋಸ್ಟರು ಬೇಕಿತ್ತು. ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಅವಳು ಕೆಸರೆಗೆ ಹೋಗಿ ಪೋಸ್ಟರು ಅಂಟಿಸುವ ಗೋಡೆಗಳ ಮುಂದೆಲ್ಲ ನಿಂತು ಬಂದಳು.

"ಇದನ್ನ ಓದಬೇಕಾದೋರಿಗೆ ಕಣ್ಣೇ ಸರಿಯಾಗಿ ಕಾಣಲ್ಲ ಅಲ್ವಾ ಸರ್..." ಎಂದಳು ಬಂದು.

ಮಾರನೆಯ ದಿನ ಕಿಟಕಿಯಲ್ಲಿ ನೇತಾಡಿದ್ದು ಒಂದೇ ಒಂದು ದೊಡ್ಡ ಕಣ್ಣು. ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ ದಿನ, ಜಾಗ. ಸುತ್ತ ಬಿಳಿ.

"ಭಾನುವಾರ... ಕೆಸರೆ ಶಾಲೆ," ಎಂದು ಇಂದ್ರಮ್ಮ ರಸ್ತೆಯಾಚೆಯಿಂದಲೇ ಕೂಗಿ ಓದಿದರು. ಓದಿದ್ದಷ್ಟೇ ಅಲ್ಲ, ಭಾನುವಾರ ಹೋಗಿ ಕನ್ನಡಕಕ್ಕೆ ಅಳತೆ ಕೊಟ್ಟೂ ಬಂದರು.

ಅಮರೇಶ್ ಆ ಪೋಸ್ಟರಿನ ಒಂದು ಪ್ರತಿಯನ್ನು ತನ್ನ ಮೇಜಿನ ಹಿಂದಿನ ಗೋಡೆಗೆ ಹಾಕಿಕೊಂಡ. ಅಲ್ಲಿ ಅದುವರೆಗೆ ಅವನ ಸ್ವಂತ ಕೆಲಸಕ್ಕೂ ಜಾಗ ಸಿಕ್ಕಿರಲಿಲ್ಲ.

ಚೂಡಾಮಣಿಯ ಎದೆ ಹಿಗ್ಗಿಹೋಯಿತು. 'ಇವರ ಕಣ್ಣಿಗೆ ನನ್ನ ಕೆಲಸ ಬಿತ್ತು. ನಾನು... ನಾನು ಯಾವತ್ತಾದ್ರೂ ಬೀಳ್ತೀನಾ?'

ಆ ಕಣ್ಣಿನಿಂದ ಬೇರೇನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಮರೇಶ್ ಅಚ್ಚಿಗೆ ಮುಂಚಿನ ಪ್ರೂಫ್ ನೋಡಿ, ಕೆಂಪು ಶಾಯಿಯಲ್ಲಿ ಸಹಿ ಹಾಕದೆ ಯಾವ ಕೆಲಸವೂ ಪ್ರೆಸ್ಸಿಗೆ ಹೋಗುವಂತಿರಲಿಲ್ಲ. ಕೂದಲೆಳೆಯಷ್ಟು ಗೆರೆ ಓರೆಯಾದರೂ ಹಿಡಿದುಬಿಡುವ ಆಸಾಮಿ!

ಆ ಸ್ಟುಡಿಯೋದಲ್ಲಿ ಇನ್ನೊಂದು ಪದ್ಧತಿಯಿತ್ತು. ಮದುವೆ ಕರೆಯೋಲೆಯ ಮಾದರಿ ಮಾಡುವಾಗ ವಧೂವರರ ಜಾಗದಲ್ಲಿ ಶಿವ, ಪಾರ್ವತಿ ಎಂದು ಹಾಕುತ್ತಿದ್ದರು. ಗಿರಾಕಿ ಒಪ್ಪಿದ ಮೇಲೆ ಅವರವರ ಹೆಸರು.

ಅಗರಬತ್ತಿ ವ್ಯಾಪಾರಿ ಗುರುಮಲ್ಲಪ್ಪನವರ ಮಗಳ ಮದುವೆಯ ಕರೆಯೋಲೆಗೆ ಮಾದರಿ ಮಾಡುತ್ತಿದ್ದ ಮಧ್ಯಾಹ್ನ ಸ್ಟುಡಿಯೋದಲ್ಲಿ ಚೂಡಾಮಣಿ ಒಬ್ಬಳೇ ಇದ್ದಳು. ಲಕೋಟೆಯ ಮೇಲೆ ಶಿವ ಪಾರ್ವತಿಯರನ್ನು ಅಳಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಮೆಲ್ಲಗೆ ಕೀಲಿ ಒತ್ತಿದಳು...

ಅಮರೇಶ್. ಚೂಡಾಮಣಿ.

'ಅಯ್ಯೋ, ಎಷ್ಟು ಚೆನ್ನಾಗಿ ಕೂತಿದೆ!'

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಗಾಬರಿಯಲ್ಲಿ ಫೈಲನ್ನು ಸೇವ್ ಮಾಡಿ ಮುಚ್ಚಿಬಿಟ್ಟಳು. ಮರುದಿನ ಗುರುಮಲ್ಲಪ್ಪನವರು ಒಳಗಿನ ಕರೆಯೋಲೆಯ ಮಾದರಿಯನ್ನಷ್ಟೇ ನೋಡಿ ಒಪ್ಪಿದರು. ಅದರಲ್ಲಿ ಹೆಸರು ಬದಲಾದವು. ಲಕೋಟೆಯದು ಬೇರೆ ಫೈಲು. ಕೆಲಸದ ಗಡಿಬಿಡಿಯಲ್ಲಿ ಅದು ಹಾಗೆಯೇ ಅಮರೇಶನ ಮೇಜಿಗೆ ಹೋಯಿತು. ಕೆಂಪು ಸಹಿಯೂ ಬಿತ್ತು!

ಅಚ್ಚಾದ ಲಕೋಟೆಗಳ ಕಟ್ಟನ್ನು ಗುರುಮಲ್ಲಪ್ಪನವರು ಸ್ಟುಡಿಯೋದಲ್ಲೇ ಬಿಚ್ಚಿದರು. ಬಿಚ್ಚಿದ ಕೈ ಅಲ್ಲೇ ನಿಂತಿತು.

"ಏನಯ್ಯಾ ಅಮರೇಶ, ಮದುವೆ ನನ್ನ ಮಗಳದೋ, ನಿಂದೋ?"

ಚೂಡಾಮಣಿ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು.

ಅಮರೇಶ್ ಲಕೋಟೆ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಆದರೆ ದನಿ ಅಲುಗಲಿಲ್ಲ.

"ತಪ್ಪು ನಂದು ಗುರುಮಲ್ಲಪ್ಪನೋರೇ. ಪ್ರೂಫ್ ಓಕೆ ಮಾಡಿದ್ದು ನಾನು. ಆ ಹೆಸರುಗಳಿಗೆ ಏನೂ ಅರ್ಥ ಇಲ್ಲ... ಸುಮ್ನೆ ಜಾಗ ತುಂಬೋಕೆ ಹಾಕಿದ್ದು. ಸಂಜೆಯೊಳಗೆ ಹೊಸ ಲಕೋಟೆ ಮನೆಗೇ ತಲುಪಿಸ್ತೀನಿ."

ಹೆಣ್ಣುಮಗಳೊಬ್ಬಳ ಹೆಸರು ಊರ ಬಾಯಿಗೆ ಬೀಳದಿರಲಿ ಎಂದು ಅವನು ಹಾಗೆ ಹೇಳಿದ. ಆದರೆ ಅದು ಚೂಡಾಮಣಿಗೆ ತಿಳಿಯುವುದು ಹೇಗೆ? ಅವಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಜಾಗ ತುಂಬೋಕೆ!

ಹೊಸ ಲಕೋಟೆ ಸಂಜೆಯೊಳಗೆ ತಲುಪಿತು. ಅವಳೂ ಬ್ಯಾಗು ಹೆಗಲಿಗೇರಿಸಿದಳು.

"ನಾಳೆಯಿಂದ ಬರಲ್ಲ ಸರ್."

"ಒಂದ್ ತಪ್ಪಿಗೆ ಯಾರಾದ್ರೂ ಕೆಲಸ ಬಿಡ್ತಾರೇನ್ರೀ?"

"ತಪ್ಪಿಗಲ್ಲ ಸರ್..."

ಅಷ್ಟಕ್ಕೇ ನಿಲ್ಲಿಸಿ ಬಾಗಿಲತ್ತ ತಿರುಗಿದಳು. ಅಮರೇಶನೂ ಬಾಯಿ ತೆರೆದು ಮುಚ್ಚಿದ. ಸಂಬಳ ಕೊಡುವವನು ಮನಸ್ಸು ಬಿಚ್ಚಿದರೆ ಅವಳು ಇಲ್ಲ ಎನ್ನಲಾದರೂ ಹೇಗೆ ಸಾಧ್ಯ ಎಂದು ಹೆದರಿದ. ಇಬ್ಬರು ಒಳ್ಳೆಯವರು ಸುಮ್ಮನಿದ್ದು ಮಾಡಿಕೊಳ್ಳುವ ಅನಾಹುತವನ್ನು ಕೆಟ್ಟವರೂ ಮಾಡಲಾರರು.

ಚೂಡಾಮಣಿ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಕೂತಳು. ವಿಸಿಟಿಂಗ್ ಕಾರ್ಡು, ಶಾಲೆಯ ವಾರ್ಷಿಕೋತ್ಸವದ ಕರಪತ್ರ, ಬೇಕರಿಯ ಬೋರ್ಡು... ಯಾವುದನ್ನೂ ಸಣ್ಣದೆನ್ನಲಿಲ್ಲ. ಮಾಡಿದ್ದನ್ನೆಲ್ಲ ಗೇಟಿಗೆ ನೇತುಹಾಕಿ ರಸ್ತೆಯಾಚೆ ಹೋಗಿ ನಿಂತು ನೋಡುವಳು. ಎದುರು ಮನೆಯವರು "ಸುಂದರೇಶರ ಮಗಳಿಗೆ ಏನೋ ಆಗಿದೆ ಪಾಪ," ಎಂದುಕೊಂಡರು.

ಪ್ರತಿ ಪ್ರೂಫನ್ನೂ ಈಗ ತಾನೇ ತಿದ್ದುವಳು. ತಿದ್ದುವಾಗೆಲ್ಲ ಒಂದು ಪ್ರಶ್ನೆ ಮುಳ್ಳಿನಂತೆ ಚುಚ್ಚುವುದು. 'ಕೂದಲೆಳೆ ಓರೆಯಾದ್ರೂ ಹಿಡಿಯೋ ಮನುಷ್ಯ... ಅಷ್ಟು ದೊಡ್ಡ ಹೆಸರುಗಳನ್ನ ಹೇಗೆ ಬಿಟ್ಟ?'

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟಿನಲ್ಲಿ ಗುರುಮಲ್ಲಪ್ಪನವರು ನಿಂತಿದ್ದರು!

"ಹೊಸ ಅಗರಬತ್ತಿ ಬರ್ತಾ ಇದೆ ಕಣಮ್ಮ. ಡಬ್ಬಿ ಮಾಡ್ಕೊಡು. ಅರಮನೆ ಇರ್ಲಿ, ಆನೆ ಇರ್ಲಿ, ಮಲ್ಲಿಗೆ, ಗುಲಾಬಿ, ಹಂಗೇ ನಮ್ಮ ತಾಯಿಯವರ ಫೋಟೋನೂ ಒಂದು..."

ಚೂಡಾಮಣಿ ನಗಲಿಲ್ಲ, ವಾದಿಸಲೂ ಇಲ್ಲ. ಅವರ ಕಾರ್ಖಾನೆಗೆ ಹೋಗಿ ಬತ್ತಿ ಹೊಸೆಯುವ ಹೆಂಗಸರ ಪಕ್ಕ ಕೂತಳು. ಆ ಪರಿಮಳ ಮೂಗಿಗೆ ಅಂಟುವವರೆಗೆ ಕೂತಳು. ಅಂಗಡಿ ಅಂಗಡಿ ಸುತ್ತಿ, ಬೇರೆ ಡಬ್ಬಿಗಳ ನಡುವೆ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಬಿಳಿ ಡಬ್ಬಿಯ ಮೇಲೆ ಒಂದೇ ಮಲ್ಲಿಗೆ ಮೊಗ್ಗು, ಅದರಿಂದೇಳುವ ಒಂದು ಹೊಗೆಯ ಎಳೆ.

"ಬೋಳಾಗಿ ಕಾಣ್ತದಲ್ಲಮ್ಮ!" ಗುರುಮಲ್ಲಪ್ಪ ಮುಖ ಹಿಂಡಿದರು.

ಅವರು ಹೇಳಿದಂತೆ ಆನೆ ಅರಮನೆಯೆಲ್ಲ ತುಂಬಿದ್ದನ್ನೂ ಅವಳು ಮಾಡಿಟ್ಟಿದ್ದಳು. ಎರಡನ್ನೂ ಬೀದಿಯ ಅಂಗಡಿಯೊಂದರ ಕಪಾಟಿನಲ್ಲಿ ಇಡಿಸಿ ಅವರನ್ನು ರಸ್ತೆಯಾಚೆ ಕರೆದೊಯ್ದಳು. ಗುರುಮಲ್ಲಪ್ಪ ತುಂಬ ಹೊತ್ತು ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಮತ್ತೂ ನೋಡಿದರು.

"ಆ ಬಿಳೀದು ಕಣಮ್ಮ... ಅದೊಂದೇ ಕರೀತಾ ಇದೆ."

ಗುರುಮಲ್ಲಪ್ಪನವರು ಅಚ್ಚಾದ ಡಬ್ಬಿಗಳನ್ನು ಮನೆಗೆ ತಂದ ದಿನ ಅಪ್ಪ ಒಂದನ್ನು ದೇವರ ಗೂಡಿನಲ್ಲಿಟ್ಟರು. ಆಮೇಲೆ ಹಿಂದಿರುಗಿ ಬಂದು, ಬಾಗಿಲಿಗೆ ಬಂದವರಿಗೆ ಮೊಗ್ಗು ಕಾಣುವಂತೆ ಅದನ್ನು ತಿರುಗಿಸಿಟ್ಟರು. ಚೂಡಾಮಣಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

"ಒಂದ್ ವಿಷಯ ಹೇಳ್ಬೇಕಿತ್ತು," ಎಂದರು ಗುರುಮಲ್ಲಪ್ಪ ಹೊರಡುವಾಗ. "ನಾನು ಮೊದಲು ಹೋಗಿದ್ದು ಅಮರೇಶನ ಹತ್ರಾನೇ. 'ಇದು ನನಗಿಂತ ಅವರ ಕೈಲಿ ಚೆನ್ನಾಗಿ ಬರುತ್ತೆ' ಅಂತ ಅವನೇ ನಿನ್ನ ವಿಳಾಸ ಕೊಟ್ಟ. ಆ ಲಕೋಟೆ ಒಂದನ್ನ ಇನ್ನೂ ಇಟ್ಕೊಂಡವ್ನೆ ಕಣಮ್ಮ. ಯಾಕೋ, ನಂಗೊತ್ತಿಲ್ಲಪ್ಪ!"

ಚೂಡಾಮಣಿ ಸಂಜೆಯವರೆಗೂ ಕಾಯಲಿಲ್ಲ.

ಮಧ್ಯಾಹ್ನವೇ ಒಂದು ಡಬ್ಬಿ ಹಿಡಿದು ಜಯಲಕ್ಷ್ಮಿಪುರಂಗೆ ಹೋದಳು. ಆದರೆ ಮಹಡಿ ಹತ್ತುವ ಧೈರ್ಯ ಬರಲಿಲ್ಲ. ಟೀ ಅಂಗಡಿಯ ಮುಂದೆ ನಿಂತುಬಿಟ್ಟಳು.

"ಬಂದ್ಬುಟ್ಟಾ ನಮ್ಮವ್ವಾ! ಎಂಗಿದ್ದೀಯ?" ಕನ್ನಡಕ ಹಾಕಿದ್ದ ಇಂದ್ರಮ್ಮ ಕೈ ಹಿಡಿದುಕೊಂಡರು. "ಒಂದ್ಗಳಿಗೆ ನಿಂತ್ಕೊ. ನಿನ್ ಕಂಡ ತಕ್ಷಣ ಕಿಟಕಿಯಿಂದ ಒಳಕ್ಕೋಡವ್ರೆ ನಿಮ್ ಸರ್ರು."

ಅವಳು ತಲೆ ಎತ್ತಿದಳು.

ಮಹಡಿಯ ಕಿಟಕಿಯಲ್ಲಿ ಒಂದು ದೊಡ್ಡ ಬಿಳಿ ಹಾಳೆ ಏರಿತು. ಅದೂ ತಲೆಕೆಳಗಾಗಿ!

ಅವಳಿಗೆ ನಗು ಒತ್ತರಿಸಿ ಬಂತು. ಕೈಯಿಂದ ತಿರುಗಿಸಿ ಎಂದು ಸನ್ನೆ ಮಾಡಿದಳು. ಹಾಳೆ ಗಡಬಡಿಸಿ ತಿರುಗಿತು. ಆನೆಯಿಲ್ಲ, ಅರಮನೆಯಿಲ್ಲ, ಬಳ್ಳಿಯಿಲ್ಲ. ಬರೀ ಎರಡು ಹೆಸರು.

ಅಮರೇಶ್. ಚೂಡಾಮಣಿ.

ಇಂದ್ರಮ್ಮ ಕೂಗಿ ಓದುವ ಮೊದಲೇ ಅವಳು ರಸ್ತೆ ದಾಟಿ ಮೆಟ್ಟಿಲೇರಿಬಿಟ್ಟಿದ್ದಳು.

"ಏನ್ ಸರ್ ಇದು! ಬೀದಿಯವರೆಲ್ಲ ನೋಡ್ತಾರೆ!"

"ನೋಡ್ಲಿ ಅಂತಾನೇ. ಅವತ್ತು ನಿಮ್ಮ ಹೆಸರು ಉಳಿಸೋಕೆ ಸುಳ್ಳು ಹೇಳ್ದೆ. ಅವತ್ತಿಂದ ನನಗೆ ನೆಮ್ಮದಿ ಇಲ್ಲ."

"ಸುಳ್ಳಾ?" ಅವಳ ಕಣ್ಣು ತುಂಬಿದವು. "ಹಾಗಾದ್ರೆ ಒಂದ್ ಮಾತು ಹೇಳಿ. ಏನನ್ನೂ ಬಿಡದ ಕಣ್ಣು ನಿಮ್ದು. ಆ ಪ್ರೂಫಲ್ಲಿ ಆ ಹೆಸರುಗಳನ್ನ ನೀವು ನೋಡಲಿಲ್ವಾ?"

ಅಮರೇಶ್ ತಲೆ ತಗ್ಗಿಸಿದ.

"ನೋಡ್ದೆ. ತುಂಬ ಹೊತ್ತು ನೋಡ್ದೆ ಚೂಡಾಮಣಿ. ಯಾರ ಮದುವೆ, ಯಾರ ಕೆಲಸ ಅನ್ನೋದೇ ಮರೆತುಹೋಯ್ತು. ಆ ಎರಡು ಹೆಸರು ಒಟ್ಟಿಗಿರೋದ್ರಲ್ಲಿ... ನನಗೆ ತಪ್ಪೇ ಕಾಣಲಿಲ್ಲ."

ವರ್ಷವಿಡೀ ಚುಚ್ಚಿದ ಮುಳ್ಳು ಕರಗಿ ಕಣ್ಣೀರಾಗಿ ಇಳಿಯಿತು.

"ಈಗ ನೀವು ನನ್ನ ಹತ್ರ ಕೆಲಸಕ್ಕಿಲ್ಲ. ನನಗಿಂತ ಒಂದು ಕೈ ಮೇಲೇ ಇದ್ದೀರಿ. ಅದಕ್ಕೇ ಕೇಳೋ ಧೈರ್ಯ ಬಂತು," ಎಂದು ಅವನು ಕೆಂಪು ಪೆನ್ನನ್ನು ಅವಳ ಮುಂದೆ ಹಿಡಿದ. "ಇದರ ಪ್ರೂಫ್ ನೀವೇ ನೋಡ್ಬೇಕು."

"ಅಪ್ಪ ಏನಂತಾರೋ... ನಮ್ಮ ಮನೆಯವರ ಆಚಾರ ಬೇರೆ, ನಿಮ್ಮ ಮನೆಯವರ ಮಠ ಬೇರೆ."

"ಮೊದಲು ನಿಮ್ಮ ಸಹಿ ಬೀಳ್ಲಿ. ಆಮೇಲೆ ಅವರ ಮುಂದೆ ಇಬ್ಬರೂ ಹೋಗಿ ನಿಲ್ಲೋಣ. ಎಷ್ಟು ಸಲ ತಿದ್ದು ಅಂದ್ರೂ ತಿದ್ಕೊಂಡು ಬರ್ತೀನಿ."

ಚೂಡಾಮಣಿ ಪೆನ್ನು ತೆಗೆದುಕೊಂಡಳು. ಹಾಳೆಯ ಮುಂದೆ ನಿಂತಳು. ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ, ಪಕ್ಕಾ ಕಸಬುದಾರಳಂತೆ ನೋಡಿದಳು.

"ಒಂದ್ ತಪ್ಪಿದೆ."

ಅಮರೇಶನ ಮುಖ ಇಳಿದುಹೋಯಿತು. "ಎಲ್ಲಿ?"

"ಎರಡು ಹೆಸರಿನ ನಡುವೆ ಜಾಗ ಜಾಸ್ತಿ ಆಯ್ತು."

"ಉಸಿರಾಡೋಕೆ ಇರ್ಲಿ ಅಂತ ಬಿಟ್ಟೆ..."

"ಬೇಡ. ಒಂದು ವರ್ಷ ಬಿಟ್ಟಿದ್ದು ಸಾಕು."

"ಎಷ್ಟು ಕಡಿಮೆ ಮಾಡ್ಲಿ?"

ಚೂಡಾಮಣಿ ಅವನ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗುವಂತೆ ನಿಂತಳು.

"ಇಷ್ಟು ಮಾಡಿ, ಅಮರೇಶ್," ಎಂದಳು.