ಭಾವನ ಸೈಟಿನ ಬೆಳ್ಳಿಕಿವಿ

ನರ್ಸರಿಯ ಪಕ್ಕದ ಖಾಲಿ ಸೈಟನ್ನು ಭಾವ ಕೊಂಡದ್ದಕ್ಕೆ ಅವನಿಗೆ ಬೇಜಾರಾಗಿರಲಿಲ್ಲ. ಅಲ್ಲಿ ನಾಲ್ಕು ಮಹಡಿ ಎಬ್ಬಿಸುತ್ತೇನೆಂದು ಅಕ್ಕನ ಮನೆಯ ಊಟದ ಮೇಜಿನಲ್ಲಿ ಬೀಗಿದ್ದೇ ಹೊಟ್ಟೆಗೆ ಕಿಚ್ಚಿಟ್ಟಿತು. ನಾಲ್ಕು ಮಹಡಿ ಎದ್ದರೆ ಅವನ ನರ್ಸರಿಗೆ ಬಿಸಿಲಿಲ್ಲ. ಬಿಸಿಲಿಲ್ಲದ ನರ್ಸರಿ ಎಂದರೆ ಮಣ್ಣು ತುಂಬಿದ ಕುಂಡಗಳ ಗೋದಾಮು.

"ನೆರಳಲ್ಲಿ ಬೆಳೆಯೋ ಗಿಡ ಇಟ್ಕೊಳಪ್ಪ," ಎಂದ ಭಾವ, ಹಲ್ಲಿಗೆ ಕಡ್ಡಿ ಹಾಕುತ್ತ. "ಗಿಡಕ್ಕೂ ತಂಪು, ನಿನ್ನ ತಲೆಗೂ ತಂಪು."

"ಆಗಲಿ ಭಾವ," ಎಂದ ಅವನು. ಅಷ್ಟು ಮೆತ್ತಗೆ ಅವನು ಜನ್ಮದಲ್ಲಿ ಮಾತಾಡಿರಲಿಲ್ಲ.

ಹಿಂದೆ ಅವನು ಕುಂಡ ಹೊರುತ್ತಿದ್ದ ಸಸ್ಯಸಂಶೋಧನಾ ಕೇಂದ್ರದ ಶೀತಕೋಣೆಯಲ್ಲಿ ಬೆಳ್ಳಿಕಿವಿಯ ಬೀಜದ ಒಂದು ಸೀಸೆಯಿತ್ತು. ಕಲ್ಲುನೆಲದ ಕಾಡುಗಿಡ, ಕಿವಿಯಂಥ ಎಲೆ, ಬೆಳ್ಳಿಯ ಬಣ್ಣ. ಕಾಡಿನಲ್ಲಿ ಅದನ್ನು ಕಂಡವರೇ ಈಗಿಲ್ಲ, ಬಹುಶಃ ಅಳಿದೇ ಹೋಗಿದೆ ಎಂದು ದೊಡ್ಡವರು ಉಪನ್ಯಾಸಗಳಲ್ಲಿ ನಿಟ್ಟುಸಿರು ಬಿಡುತ್ತಿದ್ದರು. ಅದು ತಾನಾಗಿ ಹುಟ್ಟಿದ ಜಾಗದಲ್ಲಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಕಾನೂನು.

ಹಳೇ ಗೆಳೆಯರನ್ನು ಮಾತಾಡಿಸುವ ನೆಪದಲ್ಲಿ ಹೋದ. ಹೊರಬರುವಾಗ ಅಂಗಿಯ ಜೇಬಿನಲ್ಲಿ ಒಂದು ಚಿಟಿಕೆ ಬೀಜವಿತ್ತು. ಎದೆ ಹೊಡೆದುಕೊಂಡ ರಭಸಕ್ಕೆ ಅಲ್ಲೇ ಮೊಳೆತುಬಿಡುತ್ತವೇನೋ ಅನ್ನಿಸಿತು.

ಅವನೇನು ದಡ್ಡನಲ್ಲ. ಸಾಲಾಗಿ ನೆಟ್ಟರೆ ಸಿಕ್ಕಿಬೀಳುತ್ತೇನೆಂದು ಭಾವನ ಸೈಟಿನಲ್ಲಿ ಸೊಟ್ಟಪಟ್ಟ ಚೆಲ್ಲಿದ. ನರ್ಸರಿಯ ಗೊಬ್ಬರ ಮುಟ್ಟಿಸಲಿಲ್ಲ. ಸುತ್ತ ಕಳೆ ಬೆಳೆಯಲು ಬಿಟ್ಟು ಹಲ್ಲು ಕಚ್ಚಿಕೊಂಡ. ಕಾಡುಗಿಡದ ಲಕ್ಷಣ ಬರಲೆಂದು ಒಂದೆರಡು ಎಲೆಗೆ ಹುಳುವನ್ನೂ ಬಿಟ್ಟ. ಗಿಡ ಸಾಕುವವನಿಗೆ ಅದು ಮಗುವಿಗೆ ಹೊಡೆದ ಹಾಗೆ. ದಿನಾ ಬೆಳಿಗ್ಗೆ ನರ್ಸರಿಗೆ ನೀರು ಬಿಡುವ ಮೊದಲು ಮುರಿದ ಗೋಡೆ ದಾಟಿ ಹೋಗಿ ಅವುಗಳನ್ನು ಮುದ್ದಾಗಿ ನೋಡಿಬರುತ್ತಿದ್ದ. ಕೊನೆಗೊಂದು ದಿನ ಮೂಗು ಹಿಡಿದುಕೊಂಡು, ಯಾರೋ ದಾರಿಹೋಕನ ದನಿಯಲ್ಲಿ ಕೇಂದ್ರಕ್ಕೆ ಫೋನು ಮಾಡಿದ.

ಕೇಂದ್ರದ ಮೇಡಂ ಬಂದು ಮಣ್ಣಲ್ಲೇ ಮಂಡಿಯೂರಿ ಕಣ್ಣೊರೆಸಿಕೊಂಡರು. ಪಾಯ ತೋಡಲು ಬಂದಿದ್ದ ಜೆಸಿಬಿ ವಾಪಸ್ಸು ಹೋಯಿತು.

"ಈ ಸೊಪ್ಪಿಗೋಸ್ಕರ ನನ್ನ ಮನೆ ನಿಲ್ಲಿಸ್ತೀರಾ?" ಭಾವನ ಮುಖ ಇಂಗು ತಿಂದಂತಾಗಿತ್ತು.

"ಸೊಪ್ಪು ಅನ್ಬೇಡಿ ಭಾವ. ದೊಡ್ಡವರ ಮುಂದೆ ಸ್ವಲ್ಪ ಮರ್ಯಾದೆ," ಎಂದ ಅವನು. ಈ ಮಾತಿಗಾಗಿ ಅವನು ಇಡೀ ಸೀಸೆಯನ್ನೇ ಬೇಕಾದರೂ ಕದಿಯುತ್ತಿದ್ದ.

"ಒಂದೇ ಒಂದು ಅನುಮಾನ," ಎಂದರು ಮೇಡಂ. "ಇದು ಒಂಟಿ ಕಡ್ಡಿ ಥರ ನೆಟ್ಟಗೆ ಬೆಳೆಯೋ ಗಿಡ. ಇಲ್ಲಿ ಎಲ್ಲಾ ಪೊದೆ ಆಗಿವೆಯಲ್ಲ, ಯಾಕೆ?"

"ಮಣ್ಣಿನ ಗುಣ ಮೇಡಂ," ಎನ್ನುತ್ತ ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಈ ಮಣ್ಣಿನಲ್ಲಿ ಏನೇನಿದೆಯೆಂದು ವಿಸ್ತಾರವಾಗಿ ಹೇಳತೊಡಗಿದ. ಬಾಯಿ ಅದರ ಪಾಡಿಗೆ ಮಾತಾಡುತ್ತಿತ್ತು. ಬಲಗೈ ತನ್ನ ಪಾಡಿಗೆ, ಗಿಡ ಕವಲೊಡೆದು ಹರಡಲೆಂದು ಎಟುಕಿದ ಎಳೆ ಕುಡಿಗೆಲ್ಲ ಅದು ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಿತು: ಹೆಬ್ಬೆರಳಿನ ಉಗುರಿಂದ ಬೆಳ್ಳಿಕಿವಿಯ ತುದಿಯನ್ನು ಚಿವುಟಿ ಕೆಳಗೆ ಹಾಕಿತು. ಮೇಡಂ ಆ ಕುಡಿಯನ್ನು ನೋಡಿದರು. ಆಮೇಲೆ ಒಂದೊಂದೇ ಗಿಡದ ತಲೆ ಬಗ್ಗಿಸಿ, ಎಲ್ಲದರಲ್ಲೂ ಒಣಗಿದ್ದ ಅದೇ ಉಗುರಿನ ಗಾಯವನ್ನು ನೋಡಿದರು. "ಎಲ್ಲಿ," ಎಂದರು ಮೆಲ್ಲಗೆ, "ಹೆಬ್ಬೆರಳು ತೋರಿಸಿ."