ಬಿಟ್ಟ ಸೈಕಲ್ಲು

"ಮುಟ್ಬೇಡಪ್ಪ ಅದನ್ನ. ಅದು ಎಸೆದಿರೋದಲ್ಲ, ಬಿಟ್ಟಿರೋದು."

ಸೀಟು ಹೊಲಿಯುವ ಅಜ್ಜ ಇಷ್ಟು ಹೇಳುವಷ್ಟರಲ್ಲಿ ಗುಜರಿ ಆ ಸೈಕಲ್ಲಿನ ಹ್ಯಾಂಡಲಿಗೆ ಕೈ ಹಾಕಿ ಆಗಿತ್ತು. ಅಜ್ಜನ ಗೂಡಂಗಡಿ ರಸ್ತೆಯ ತಿರುವಿನಲ್ಲೇ ಇತ್ತು. ಸೈಕಲ್ಲು, ಸ್ಕೂಟರುಗಳ ಸೀಟಿಗೆ ರೆಕ್ಸಿನ್ ಹೊದಿಸಿ ಹೊಲಿಯುವುದು ಅವನ ಕಸುಬು. ಸದಾ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿರುತ್ತಿದ್ದವನು ಅವತ್ತು ದಾರ ಉಗಿದು ಮಾತಾಡಿದ್ದ. ಅಂದಮೇಲೆ ವಿಷಯ ಸಣ್ಣದಲ್ಲ ಎಂದು ಆ ಬೀದಿಯವರಾಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಗುಜರಿ ಆ ಬೀದಿಗೆ ಹೊಸಬ.

ಗುಜರಿ ಎಂಬುದು ಅವನ ತಂಗಿ ಇಟ್ಟ ಅಡ್ಡಹೆಸರು. ಜನ ರಸ್ತೆ ಬದಿಗೆ ಎಸೆದುಹೋದ ಹಳೇ ಸೈಕಲ್ಲುಗಳನ್ನು ಹೊತ್ತು ತಂದು, ಬಿಚ್ಚಿ, ಇದರ ಚಕ್ರ ಅದಕ್ಕೆ, ಅದರ ಚೈನು ಇದಕ್ಕೆ ಸೇರಿಸಿ, ಓಡುವ ಸೈಕಲ್ಲು ಮಾಡಿ ಮಾರುವುದೇ ಅವನ ಬದುಕು. ಸತ್ತ ಸೈಕಲ್ಲನ್ನು ಎಬ್ಬಿಸಿ ಓಡಿಸುತ್ತೇನೆಂಬ ಸಣ್ಣ ಜಂಬವೂ ಅವನಿಗಿತ್ತು. ದೆವ್ವ ಭೂತ ಎಂದರೆ ಹೊಟ್ಟೆ ಹಿಡಿದು ನಗುತ್ತಿದ್ದ.

ಆ ಸೈಕಲ್ಲು ದೀಪದ ಕಂಬದ ಬುಡದಲ್ಲಿ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಂತಿತ್ತು. ಬೇರೆ ಗುಜರಿ ಸೈಕಲ್ಲುಗಳ ಹಾಗೆ ಚರಂಡಿಗೆ ಒರಗಿ ಬಿದ್ದಿರಲಿಲ್ಲ. ಒಂದು ನಟ್ಟು ಕೂಡ ಕಳೆದಿರಲಿಲ್ಲ. ಸೀಟನ್ನು ಮಾತ್ರ ಯಾರೋ ಹಿಂದುಮುಂದಾಗಿ ತಿರುಗಿಸಿಟ್ಟಿದ್ದರು. ಬೀದಿಯ ಎಲ್ಲ ಕಂಬಗಳಿಗೂ ಕಾಲೆತ್ತುವ ನಾಯಿಗಳು ಆ ಕಂಬವನ್ನು ಸುತ್ತು ಹಾಕಿ ಹೋಗುತ್ತಿದ್ದವು.

"ಎಸೆಯೋದಕ್ಕೂ ಬಿಡೋದಕ್ಕೂ ಏನಜ್ಜ ವ್ಯತ್ಯಾಸ?"

"ಎಸೆದಿದ್ದು ಸುಮ್ನೆ ಬಿದ್ದಿರುತ್ತೆ. ಬಿಟ್ಟಿದ್ದು ಕಾಯ್ತಾ ಇರುತ್ತೆ."

"ಅಯ್ಯೋ ಪಾಪ, ಎಷ್ಟು ಹೊತ್ತಿಂದ ಕಾಯ್ತಿದೆಯೋ! ಮನೆಗೆ ಕರ್ಕೊಂಡು ಹೋಗಿ ಎಣ್ಣೆ ಸ್ನಾನ ಮಾಡಿಸ್ತೀನಿ ಬಿಡಿ," ಎಂದು ನಗುತ್ತ ಗುಜರಿ ಸೈಕಲ್ಲು ತಳ್ಳಿಕೊಂಡು ಹೊರಟ. ಅಜ್ಜ ಮತ್ತೆ ಕರೆಯಲಿಲ್ಲ. ಹೊಸ ದಾರ ಕತ್ತರಿಸಿ ಹಲ್ಲಿನಲ್ಲಿ ಕಚ್ಚಿಕೊಂಡ.

ಗುಜರಿ ಅದೇ ಬೀದಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಅಂಗಡಿಯ ಹಿಂದಿನ ಕೋಣೆಯೇ ಅಣ್ಣ ತಂಗಿಯರ ಮನೆ. ನಡುವೆ ಒಂದು ಪರದೆ. ತಂಗಿ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು, ಮಗ್ಗುಲು ಬದಲಿಸಿ ಬರುತ್ತಿದ್ದಳು. ತಾಯಿ ಸತ್ತಾಗ ಅವಳಿಗೆ ಇನ್ನೂ ಹಾಲುಹಲ್ಲು. ಜಡೆ ಹಾಕುವುದರಿಂದ ಹಿಡಿದು ಎಲ್ಲ ಮಾಡಿ ಬೆಳೆಸಿದವನು ಗುಜರಿಯೇ. ಅವನಿಗೆ ಲೋಕದಲ್ಲಿ ಇದ್ದದ್ದು ಅವಳೊಬ್ಬಳು. ಊರೆಲ್ಲ ನಡೆದು ನಡೆದು ಅವಳ ಹಿಮ್ಮಡಿ ಒಡೆದಿತ್ತು. ಅವಳಿಗೊಂದು ಒಳ್ಳೆಯ ಸೈಕಲ್ಲು ಕಟ್ಟಿಕೊಡಬೇಕೆಂದು ಅವನು ಎಷ್ಟೋ ದಿನದಿಂದ ಸಾಮಾನು ಹೊಂಚುತ್ತಿದ್ದ. ಬಿಟ್ಟ ಸೈಕಲ್ಲಿನ ಎರಡೂ ಚಕ್ರ, ಚೈನು, ಹ್ಯಾಂಡಲು ಅದಕ್ಕೇ ಆಯಿತು. ಉಳಿದ ಚೌಕಟ್ಟು, ಸೀಟು ಗೋಡೆಯ ಮೊಳೆ ಸೇರಿದವು.

ಚಕ್ರದ ನಡುವನ್ನು ಬಿಚ್ಚಿದಾಗ ವಾಸನೆ ಬಂತು. ಹಳೇ ಗ್ರೀಸಿನ ವಾಸನೆ ಅವನಿಗೆ ಗೊತ್ತಿಲ್ಲದ್ದಲ್ಲ. ಇದು ಬೇರೆ. ಬೆವರು, ಔಷಧಿ ಎಣ್ಣೆ, ಒಣಗದ ಹಾಸಿಗೆ. ಮೂಗಿಗೆ ಸೆರಗು ಹಿಡಿದು ಪರದೆ ಸರಿಸಿ ಬಂದಳು ತಂಗಿ.

"ಅಣ್ಣಾ, ಇದು ತುಂಬಾ ದಿನ ಮಲಗಿದಲ್ಲೇ ಮಲಗಿದೋರ ಮೈ ವಾಸನೆ. ನನ್ನ ಮೂಗಿಗೆ ದಿನಾ ಬಡಿಯೋದೇ."

"ಹೌದಾ ಡಾಕ್ಟ್ರಮ್ಮ? ಹಾಗಾದ್ರೆ ಈ ಚಕ್ರಕ್ಕೊಂದು ಇಂಜೆಕ್ಷನ್ ಚುಚ್ಚಿಬಿಡು."

ಅವಳು ನಕ್ಕಳು. ಅವನೂ ನಕ್ಕ. ಚಕ್ರ ಸರಾಗವಾಗಿ ತಿರುಗಲೆಂದು ಒಳಗಿನ ಬಟ್ಟಲಿನಲ್ಲಿ ಕೂರಿಸುವ ಪುಟ್ಟ ಉಕ್ಕಿನ ಗುಂಡುಗಳಿರುತ್ತವಲ್ಲ, ಅವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಯಾವತ್ತೂ ಮಾಡುವ ಹಾಗೆ ದೊಡ್ಡ ಡಬ್ಬಿಗೆ ಸುರಿದ. ಅವನು ಇಲ್ಲಿಯವರೆಗೆ ಬಿಚ್ಚಿದ ಎಲ್ಲ ಸೈಕಲ್ಲುಗಳ ಗುಂಡುಗಳೂ ಆ ಡಬ್ಬಿಯಲ್ಲೇ. ಬೇಕಾದಾಗ ಅದರಿಂದಲೇ ಒಂದು ಹಿಡಿ. ತಂಗಿಯ ಚಕ್ರಕ್ಕೂ ಅದರಿಂದಲೇ ಹಾಕಿದ.

ತಂಗಿ ಹೊಸ ಸೈಕಲ್ಲು ಹತ್ತಿ ಬೀದಿಯಲ್ಲಿ ಒಂದು ಸುತ್ತು ಹೊಡೆದಾಗ ಅವನ ಕಣ್ಣು ತುಂಬಿತು. ತಿರುವಿನಲ್ಲಿ ಅಜ್ಜ ಎದ್ದು ನಿಂತು ನೋಡಿ, ಗೂಡಂಗಡಿಯ ಬಾಗಿಲು ಎಳೆದುಕೊಂಡ.

ಮೊದಲು ಕೇಳಿಸಿದ್ದು ಸದ್ದು. ಅವಳು ಮೆಟ್ಟಿಲು ಇಳಿಯುವಾಗ ಮಂಡಿಯಿಂದ ಟಿಕ್, ಟಿಕ್, ಟಿಕ್. ಪೆಡಲ್ ತುಳಿಯದೆ ಸುಮ್ಮನೆ ಬಿಟ್ಟ ಸೈಕಲ್ಲು ಮಾಡುವ ಸದ್ದೇ ಅದು.

"ನಂಗೂ ಫ್ರೀವೀಲ್ ಕೂರಿಸಿಬಿಟ್ಯಾ ಹೇಗೆ?" ಎಂದು ಅವಳೇ ತಮಾಷೆ ಮಾಡಿದಳು.

ಆಮೇಲೆ ತಲೆದಿಂಬಿನ ಮೇಲೆ ಕಿತ್ತಳೆ ಬಣ್ಣದ ಕಲೆ. ರವಿಕೆಯ ಕಂಕುಳಲ್ಲಿ ಕಲೆ. ಒಗೆದರೂ ಹೋಗದ ತುಕ್ಕಿನ ಕಲೆ. ಅವಳ ಬೆವರು ಒದ್ದೆ ಕಬ್ಬಿಣದ ವಾಸನೆ ಹೊಡೆಯತೊಡಗಿತು. ಒಂದು ಬೆಳಿಗ್ಗೆ ಬೆರಳು ಮಡಿಚಲಾಗದೆ ಸಿರಿಂಜು ಕೈಜಾರಿ ಬಿತ್ತು. ಮರುದಿನ ಕೂತಲ್ಲಿಂದ ಏಳಲು ಹೋದವಳ ಮಂಡಿ ಅರ್ಧಕ್ಕೇ ನಿಂತುಬಿಟ್ಟಿತು. ಎಳೆದರೂ ನೆಟ್ಟಗಾಗದು, ಒತ್ತಿದರೂ ಮಡಿಚದು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ತೆಗೆಸಿ, ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿದ್ದವಳನ್ನು ಗುಜರಿ ಎತ್ತಿಕೊಂಡು ಮನೆಗೆ ಬಂದ. ಅವನ ನಗು ಅವತ್ತಿಗೆ ಮುಗಿಯಿತು.

ಅಜ್ಜನ ಗೂಡಂಗಡಿಯ ಬಾಗಿಲು ಬಡಿದು ತಂಗಿಯ ಸ್ಥಿತಿ ಹೇಳಿದಾಗ ಒಳಗಿನಿಂದಲೇ ಉತ್ತರ ಬಂತು.

"ಆ ಸೀಟು ಹೊಲಿದೋನು ನಾನೇ ಕಣಪ್ಪ. ಸೈಕಲ್ಲಿನೋರು ಒಳಗೆ ಒಂದು ಪೊಟ್ಟಣ ಇಟ್ಟು ಹೊಲಿ ಅಂದ್ರು. ಏನು ಎತ್ತ ಅಂತ ಕೇಳ್ಲಿಲ್ಲ, ಹೊಲಿದೆ. ಅವರ ಮನೇಲಿ ಒಬ್ಬ ಮಗ ಮೈಯೆಲ್ಲ ಮರಗಟ್ಟಿ ಮಲಗಿದ್ದ. ಅವನ ಮೈಗೆ ಹತ್ತಿದ್ದನ್ನ ಸೈಕಲ್ಲಿಗಿಳಿಸಿ, ತುಳಿದೋರಿಗೆ ಅಂಟಲಿ ಅಂತ ಕಂಬದ ಹತ್ರ ಬಿಟ್ಟರು. ಈಗ ಅವನು ಓಡಾಡ್ತಾ ಇದಾನೆ."

"ವಾಪಸ್ ಕಳಿಸೋದು ಹೇಗೆ ಹೇಳಜ್ಜ. ನಿನ್ನ ಕಾಲಿಗೆ ಬೀಳ್ತೀನಿ."

"ಎಲ್ಲಿಂದ ತಂದ್ಯೋ ಅಲ್ಲೇ, ಹೇಗಿತ್ತೋ ಹಾಗೇ ನಿಲ್ಸು. ಗ್ರೀಸು ಹೋದ್ರೆ ಹೋಗ್ಲಿ, ಕಬ್ಬಿಣ ಅಷ್ಟೂ ಅದರದ್ದೇ ಆಗಿರ್ಬೇಕು. ಒಂದು ಚೂರು ಕಮ್ಮಿಯಾದ್ರೂ ಅದು ಜಾಗ ಬಿಟ್ಟು ಕದಲಲ್ಲ." ಒಳಗೆ ಚಿಲಕ ಹಾಕಿದ ಸದ್ದಾಯಿತು. "ಬೇಗ ಮಾಡು. ಮಂಡಿ ಆಯ್ತು, ಕೈ ಆಯ್ತು. ಅದು ಮೇಲಕ್ಕೆ ಹತ್ತುತ್ತೆ."

ಗುಜರಿ ಅಂಗಡಿಗೆ ಓಡಿ ಬಂದು ಶಟರ್ ಎಳೆದ. ಹೊರಗೆ ಉರಿಬಿಸಿಲಿನ ಮಧ್ಯಾಹ್ನ. ಒಳಗೆ ಕತ್ತಲೆ, ಸೀಮೆಎಣ್ಣೆಯ ಘಾಟು, ಪರದೆಯ ಆಚೆಯಿಂದ ತುಕ್ಕಿನ ವಾಸನೆ. ಬಲ್ಬು ಹಾಕಿದ. ತಂಗಿಯ ಸೈಕಲ್ಲನ್ನು ಬಿಚ್ಚಿ ಬಿಸಾಡಿದ. ಮೊಳೆಯಿಂದ ಚೌಕಟ್ಟು ಇಳಿಸಿದ. ಚಕ್ರ ಸಿಕ್ಕಿತು, ಚೈನು ಸಿಕ್ಕಿತು, ಹ್ಯಾಂಡಲು, ಸೀಟು, ಪೆಡಲು, ನಟ್ಟು ಬೋಲ್ಟು ಎಲ್ಲ ಸಿಕ್ಕಿತು. ದೇವರು ದೊಡ್ಡವನು ಎಂದುಕೊಂಡ, ಯಾವತ್ತೂ ಎಂದುಕೊಳ್ಳದವನು. ಚಕ್ರದ ನಡುವೆ ಗುಂಡು ಕೂರಿಸಲೆಂದು ಡಬ್ಬಿಗೆ ಕೈ ಹಾಕಿದ.

ಕೈ ಅಲ್ಲೇ ನಿಂತಿತು.

ಡಬ್ಬಿಯ ತುಂಬ ಗುಂಡುಗಳು. ಎಲ್ಲ ಒಂದೇ ಅಳತೆ, ಒಂದೇ ಹೊಳಪು. ತಂಗಿಯ ಚಕ್ರದಿಂದ ಈಗ ತಾನೇ ಬಿಚ್ಚಿದವೂ ಅಭ್ಯಾಸಬಲದಿಂದ ಅದರಲ್ಲೇ ಬಿದ್ದಿದ್ದವು. ಆ ಸೈಕಲ್ಲಿನವು ಯಾವುವು? ಎಣ್ಣೆಗೈಯಲ್ಲಿ ಅವನು ಬಾಚಿ ಬಾಚಿ ನೋಡಿದ. ಬೆಳಕಿಗೆ ಹಿಡಿದ. ಮೂಸಿದ. ನಾಲಿಗೆಗೆ ಹಚ್ಚಿ ನೋಡಿದ. ಎಲ್ಲ ಉಕ್ಕೇ. ಸಿಟ್ಟು ನೆತ್ತಿಗೇರಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಕುಳಿಗೆ ಬಿದ್ದಿದ್ದ ಒಂದು ಗುಂಡಿನ ಮೇಲೆ ಸುತ್ತಿಗೆ ಬೀಸಿದ.

ಪರದೆಯ ಆಚೆ ತಂಗಿ ಕಿರುಚಿದಳು.

ಅವನು ಒಳಗೆ ಓಡಿದ. "ಏನಾಯ್ತೇ ಪುಟ್ಟಿ?"

"ಬೆನ್ನುಮೂಳೆಗೆ... ಯಾರೋ ಜಜ್ಜಿದ ಹಾಗಾಯ್ತು ಅಣ್ಣಾ."

ಗುಜರಿ ಹೊರಗೆ ಬಂದ. ಇನ್ನೊಂದು ಗುಂಡು ಇಟ್ಟು ಹೊಡೆದ. ಸದ್ದಿಲ್ಲ. ಮತ್ತೊಂದು. ಸದ್ದಿಲ್ಲ. ಮೊದಲಿನದನ್ನೇ ಮತ್ತೆ ಇಟ್ಟು ಮೆಲ್ಲಗೆ ತಟ್ಟಿದ. ಏನೂ ಇಲ್ಲ. ಹಲ್ಲು ಕಚ್ಚಿ ಜೋರಾಗಿ ಹೊಡೆದ. ಆ ಕಿರುಚು ಮತ್ತೆ ಬಂತು.

ಅವನಿಗೆ ತಿಳಿಯಿತು. ತಿಳಿಯಬಾರದಿತ್ತು ಎನ್ನಿಸಿತು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಅತ್ತ. ಮತ್ತೆ ಒಳಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದ. ಇಂಜೆಕ್ಷನ್ ಚುಚ್ಚುವ ಮುಂಚೆ ರೋಗಿಗಳಿಗೆ ಅವಳು ಹೇಳುತ್ತಿದ್ದ ಮಾತೇ ಅವನ ಬಾಯಿಗೆ ಬಂತು. "ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ ಕಣೇ."

ಅವಳು ಸೂರು ನೋಡುತ್ತ ಮಲಗಿದ್ದಳು. ಕತ್ತು ತಿರುಗುತ್ತಿರಲಿಲ್ಲ. "ಮಾಡು. ನಾನು ಎಷ್ಟು ಕಿರುಚಿದ್ರೂ ನಿಲ್ಲಿಸ್ಬೇಡ ಅಣ್ಣಾ. ನಂಗೆ ಹೀಗೆ ಮಲಗೋಕೆ ಆಗಲ್ಲ. ಮಲಗಿದೋರನ್ನ ನಾನು ನೋಡಿದೀನಿ."

ಅವನು ಶುರು ಮಾಡಿದ.

ಗುಂಡು ಇಡುವುದು. ಹೊಡೆಯುವುದು. ಕಿವಿಗೊಡುವುದು. ಸದ್ದಿಲ್ಲದಿದ್ದರೆ ಎಡಗಡೆಯ ರಾಶಿಗೆ. ಮತ್ತೊಂದು. ಮತ್ತೊಂದು. ಕಿರುಚು. ಅದು ಬಲಗಡೆಗೆ, ಚಕ್ರದ ಬಟ್ಟಲಿಗೆ. ಸಾಕಿದ ತಂಗಿ ಕಿರುಚಿದರೆ ಸಮಾಧಾನ, ಸುಮ್ಮನಿದ್ದರೆ ಸಂಕಟ, ಇಂಥ ಸ್ಥಿತಿಗೆ ಬಂದಿದ್ದ ಮಹಾಶಯ. ಮೊದಮೊದಲು ಪ್ರತಿ ಕಿರುಚಿಗೂ ಕಣ್ಣು ಮುಚ್ಚುತ್ತಿದ್ದ. ಬರಬರುತ್ತ ಮುಚ್ಚುವುದನ್ನು ಬಿಟ್ಟ. ಬಟ್ಟಲು ತುಂಬುವುದನ್ನೇ ನೋಡುತ್ತಿದ್ದ.

ಮುಂದಿನ ಚಕ್ರ ತುಂಬಿತು. ಹಿಂದಿನದರ ಒಂದು ಬದಿ ತುಂಬಿತು. ಅವಳ ಕಿರುಚು ಈಗ ಒಡೆದ ತಗಡು ಎಳೆದ ಹಾಗೆ ಬರುತ್ತಿತ್ತು. "ಮುಗೀತು ಪುಟ್ಟಿ, ಇನ್ನು ಸ್ವಲ್ಪ, ಮುಗೀತು," ಎಂದು ಕೂಗುತ್ತಲೇ ಹೊಡೆದ. ಕೊನೆಯ ಬಟ್ಟಲಿನಲ್ಲಿ ಗುಂಡುಗಳು ಒಂದರ ಪಕ್ಕ ಒಂದು ಕೂತವು. ಇನ್ನೊಂದೇ ಒಂದು ಸಂದು. ಒಂದೇ ಗುಂಡು ಸಾಕು.

ಇಟ್ಟ. ಹೊಡೆದ. ಸದ್ದಿಲ್ಲ. ಎಡಕ್ಕೆ.

ಇಟ್ಟ. ಹೊಡೆದ. ಸದ್ದಿಲ್ಲ.

ಪಾಪ, ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದುಕೊಂಡ. ಇಟ್ಟ. ಹೊಡೆದ. ಸದ್ದಿಲ್ಲ. ಹೊಡೆದ. ಎಡಕ್ಕೆ. ಹೊಡೆದ. ಎಡಕ್ಕೆ. ತೋಳು ಮರಗಟ್ಟಿತು. ಬೆವರು ಕಣ್ಣಿಗಿಳಿಯಿತು. ಡಬ್ಬಿ ಹಗುರವಾಗುತ್ತ ಬಂತು. ಹೊಡೆದ. ಹೊಡೆದ. ಕೊನೆಗೆ ಕೈಗೆ ತಗಡಿನ ತಳ ಸಿಕ್ಕಿತು.

ಸಂದು ಹಾಗೇ ಇತ್ತು.

ಎಡಗಡೆಯ ರಾಶಿ ಬಲ್ಬಿನ ಬೆಳಕಿಗೆ ಮಿರಿಮಿರಿ ಮಿಂಚುತ್ತಿತ್ತು. ಗುಜರಿ ಅದನ್ನು ನೋಡಿದ. ಪರದೆ ನೋಡಿದ. ಪರದೆ ಕಿತ್ತೆಸೆದು ಒಳಗೆ ನುಗ್ಗಿದ.

ತಂಗಿಯ ಬಾಯಿ ಅರ್ಧ ತೆರೆದಿತ್ತು. ದವಡೆ ಹಾಗೇ ಕಚ್ಚಿ ನಿಂತಿತ್ತು. ನಾಲಿಗೆ ಮರದ ತುಂಡು. ಗಂಟಲಲ್ಲಿ ಉಸಿರು ಮಾತ್ರ ಸಣ್ಣಗೆ ಕುಯ್‌ಗುಟ್ಟುತ್ತಿತ್ತು. ಎರಡೂ ಕಿವಿಗಳ ಹತ್ತಿರ ದಿಂಬು ಕಣ್ಣೀರಿಗೆ ತೊಯ್ದು ಹೋಗಿತ್ತು. ಯಾವ ಏಟಿಗೆ ಅವಳ ದನಿ ನಿಂತಿತೋ, ಆಮೇಲೆ ಎಷ್ಟು ಹೊಡೆದನೋ, ಅದರಲ್ಲಿ ಯಾವುದು ಅವಳನ್ನು ಜಜ್ಜಿತೋ, ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಹೇಳುವ ಬಾಯಿ ಇರಲಿಲ್ಲ.

"ಪುಟ್ಟೀ! ಕೇಳಿಸ್ತಿದ್ಯಾ? ಕೇಳಿಸಿದ್ರೆ ಕಣ್ಣು ಮಿಟುಕಿಸು."

ರೆಪ್ಪೆ ಇಳಿಯಿತು. ತುಂಬ ಹೊತ್ತಿನ ಮೇಲೆ ಎದ್ದಿತು.

ಅವನು ಅಡಿಗಲ್ಲನ್ನು ಎದೆಗವಚಿಕೊಂಡು ಅವಳ ತಲೆಯ ಬಳಿಗೆ ಹೊತ್ತು ತಂದ. ಎಡಗಡೆಯ ರಾಶಿಯನ್ನು ಬಾಚಿ ತಂದು ಮಂಚದ ಮೇಲೆ ಸುರಿದ. "ನೋವಾದ ತಕ್ಷಣ ಮಿಟುಕಿಸು. ಒಂದೇ ಒಂದು ಸಲ. ಒಂದೇ ಗುಂಡು ಕಣೇ ಬಾಕಿ. ಆಮೇಲೆ ನೀನು ಎದ್ದು ಓಡಾಡ್ತೀಯ."

ಹೊಡೆದ. ನೋಡಿದ. ರೆಪ್ಪೆ ಅಲುಗಲಿಲ್ಲ. ಹೊಡೆದ. ನೋಡಿದ. ಇಲ್ಲ. ಹೊಡೆದ. ರೆಪ್ಪೆ ಇಳಿಯತೊಡಗಿತು. ಅವನು ಉಸಿರು ಬಿಗಿಹಿಡಿದು ಬಗ್ಗಿದ. ರೆಪ್ಪೆ ಅರ್ಧಕ್ಕೆ ಬಂತು. ಸಣ್ಣದಾಗಿ ಟಿಕ್ ಎಂದಿತು. ಅಲ್ಲೇ ನಿಂತಿತು.

ಈ ಗುಂಡೇ ಇರಬಹುದೇ? ನೋವಿಗೆ ಮುಚ್ಚಿತೋ, ಸುಮ್ಮನೆ ಮುಚ್ಚುವಾಗ ಬಿಗಿದುಕೊಂಡಿತೋ? ಅದೇ ಗುಂಡಿಗೆ ಮತ್ತೆ ಹೊಡೆದು ನೋಡಿದ. ಕಣ್ಣು ಅರ್ಧ ತೆರೆದೇ ಇತ್ತು, ಅರ್ಧ ಮುಚ್ಚಿಯೇ ಇತ್ತು. ಎತ್ತಿಕೊಂಡು ಹೋಗಿ ಕೊನೆಯ ಸಂದಿಗೆ ಕೂರಿಸಿದ. ಸೈಕಲ್ಲನ್ನು ಬಿಸಿಲಿನಲ್ಲಿ ಓಡೋಡಿ ತಳ್ಳಿಕೊಂಡು ಹೋಗಿ ಕಂಬದ ಬುಡದಲ್ಲಿ ನಿಲ್ಲಿಸಿ, ಸೀಟನ್ನು ಹಿಂದುಮುಂದಾಗಿ ತಿರುಗಿಸಿ, ಮನೆಗೆ ಓಡಿ ಬಂದು ಅವಳ ಮುಖ ನೋಡಿದ. ಮುಖದಲ್ಲಿ ಏನೂ ಬದಲಾಗಿರಲಿಲ್ಲ.

ಸೈಕಲ್ಲನ್ನು ಮತ್ತೆ ತಂದ. ಆ ಗುಂಡು ತೆಗೆದು ಎಸೆದ.

ಈಗ ಹಗಲಿಡೀ ಆ ಶಟರಿನ ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತದೆ. ಗುಜರಿ ಪ್ರತಿ ಏಟಿಗೂ ಬಗ್ಗಿ ತಂಗಿಯ ಕಣ್ಣು ನೋಡುತ್ತಾನೆ. ಕಣ್ಣೀರು ಮಾತ್ರ ಇಳಿಯುತ್ತದೆ, ಹೊಡೆದಾಗಲೂ ಇಳಿಯುತ್ತದೆ, ಹೊಡೆಯದಿದ್ದಾಗಲೂ ಇಳಿಯುತ್ತದೆ. ಅವನು ಅದನ್ನು ಅಂಗೈಯಿಂದ ಒರೆಸಿ, "ಸ್ವಲ್ಪ ತಡ್ಕೋ ಪುಟ್ಟಿ," ಎಂದು ಹೇಳಿ, ಇನ್ನೊಂದು ಗುಂಡು ಇಟ್ಟು ಸುತ್ತಿಗೆ ಎತ್ತುತ್ತಾನೆ.