ಶಾಲಿನ ಬಣ್ಣ

"ಯಾವ ಮುಠ್ಠಾಳ ಮಾಡಿದ್ದು ಇದು?"

ಛಾಯಾಗ್ರಾಹಕನ ಕೂಗು ಕೇಳಿ ಕಾವಲುಗಾರ ಕುರ್ಚಿ ಬಿಟ್ಟು ಓಡಿಬಂದ. ಫೋಟೋ ಪ್ರದರ್ಶನದ ಬಾಗಿಲು ತೆರೆದು ಹೆಚ್ಚು ಹೊತ್ತಾಗಿರಲಿಲ್ಲ. ಸಂಜೆ ಬಹುಮಾನ. ಮೊದಲನೆಯದು ಯಾವುದಕ್ಕೆಂದು ಆಗಲೇ ಎಲ್ಲರಿಗೂ ಗೊತ್ತಿತ್ತು—ನಡುಗೋಡೆಯ ಮೇಲಿದ್ದ ಈ ಛಾಯಾಗ್ರಾಹಕನ ದೊಡ್ಡ ಭಾವಚಿತ್ರಕ್ಕೆ.

ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರ. ಕಡುನೀಲಿ ಬಾಗಿಲು, ಅದರ ಮುಂದೆ ಉರಿಯುವ ಕಿತ್ತಳೆ ಬಣ್ಣದ ಶಾಲು ಹೊದ್ದ ಹೆಂಗಸು. ಕೆದರಿದ ಕೂದಲು, ಧೂಳು ಮೆತ್ತಿದ ಕೆನ್ನೆ, ಭುಜದ ಮೇಲೆ ಶಾಲು ಹರಿದು ದೊಡ್ಡ ತೂತು. ಕೆಳಗೆ ಶೀರ್ಷಿಕೆ, 'ಯಾರೂ ಇಲ್ಲದವಳು'. ಬಸ್ ನಿಲ್ದಾಣದ ಬಳಿ ಕಂಡ ಅನಾಥೆಯ ಕತೆ ಅದರ ಕೆಳಗೆ. ಓದಿದ ತೀರ್ಪುಗಾರರು ಕಣ್ಣೊರೆಸಿಕೊಂಡಿದ್ದರು.

ಈಗ ಆ ತೂತಿನ ಮೇಲೆ ಯಾರೋ ಒಂದು ಮಾಸಲು ಬಟ್ಟೆಯ ಚೂರು ಅಂಟಿಸಿದ್ದರು.

ಚಿತ್ರಗಳಿಗೆಲ್ಲ ವಿಮೆ ಇತ್ತು. ಪ್ರದರ್ಶನ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ಫೋನು ಮಾಡಿದ್ದೇ ತಡ, ವಿಮಾ ಕಂಪನಿಯ ತನಿಖಾಧಿಕಾರಿ ಬಂದಿಳಿದರು. ನಡುವಯಸ್ಸಿನ ಹೆಂಗಸು. ಚಿತ್ರವನ್ನು ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದರು, ಆಮೇಲೆ ತಿರುಗಿದರು.

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು? ಇವನೇ!" ಛಾಯಾಗ್ರಾಹಕ ಬೆರಳು ತೋರಿಸಿದ್ದು ಇನ್ನೊಬ್ಬ ಸ್ಪರ್ಧಿಯ ಕಡೆಗೆ, ಮದುವೆ ಫೋಟೋ ತೆಗೆಯುವವನ ಕಡೆಗೆ. "ನಿನ್ನೆ ಎಲ್ಲರೆದುರು ಏನಂದ ಕೇಳಿ. ಇದು ಫೋಟೋ ಅಲ್ಲ, ಕಟ್ಟುಕತೆ ಅಂದ."

"ಅಂದಿದ್ದು ನಿಜ," ಎಂದ ಮದುವೆ ಫೋಟೋದವನು. "ಈಗಲೂ ಅಂತೀನಿ. ಆದ್ರೆ ಕೆಡಿಸೋದಾದ್ರೆ ಮುಖಕ್ಕೇ ಮಸಿ ಬಳೀತಿದ್ದೆ. ತೂತು ಮುಚ್ಚೋಕೆ ನಂಗೇನು ಹುಚ್ಚಾ?"

ತನಿಖಾಧಿಕಾರಿಯ ಹುಬ್ಬು ಮೇಲೇರಿತು. "ಸರಿಯಾದ ಮಾತು."

"ಅವನ ಮಾತು ಕಟ್ಟಿಕೊಂಡು ಕೂತ್ರೆ ಆದ ಹಾಗೇ! ಅವನನ್ನ ಸ್ಪರ್ಧೆಯಿಂದ ಹೊರಗೆ ಹಾಕಿ. ಇಲ್ಲಾಂದ್ರೆ ಪೊಲೀಸರಿಗೆ ದೂರು ಕೊಡ್ತೀನಿ."

"ಕೊಡಿ, ಯಾರು ಬೇಡ ಅಂದ್ರು?" ಎಂದರು ತನಿಖಾಧಿಕಾರಿ. " ಮೊದಲು ಇದಕ್ಕೆ ಉತ್ತರ ಹೇಳಿ. ಈ ಹೆಂಗಸು ಯಾರು?"

"ಗೊತ್ತಿಲ್ಲ. ದಾರೀಲಿ ಕಂಡಳು. ಕೆಳಗೇ ಬರೆದಿದೆಯಲ್ಲ?"

ಸುಳ್ಳು ಸಲೀಸಾಗಿ ಬಂತು. ಎಷ್ಟು ಸಲ ಹೇಳಿದ್ದನೋ, ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. ಅವಳು ಅವನ ಒಡಹುಟ್ಟಿದ ಅಕ್ಕ. ತಾಯಿ ಹೋದ ಮೇಲೆ ಊರವರ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಅವಳ ಮನೆಯ ಹಿತ್ತಿಲ ಬಾಗಿಲಲ್ಲೇ ಅವಳನ್ನು ನಿಲ್ಲಿಸಿ, ಕೂದಲು ಬಿಚ್ಚಿಸಿ, ಕೆನ್ನೆಗೆ ಧೂಳು ಸವರಿ, ಅವಳದೇ ಕತ್ತರಿಯಿಂದ ಶಾಲು ಸೀಳಿ ತೆಗೆದ ಫೋಟೋ ಅದು. "ಏನೋ ಇದು ವೇಷ?" ಎಂದು ಅವಳು ನಕ್ಕಿದ್ದಳು. "ಸುಮ್ನೆ ಒಂದು ಪ್ರಯೋಗ ಕಣಕ್ಕ," ಎಂದಿದ್ದ. ಪ್ರದರ್ಶನದ ವಿಷಯ ಬಾಯಿಬಿಟ್ಟಿರಲಿಲ್ಲ. ಚಿತ್ರದ ಕತೆ ನಿಜವಾಗಿರಬೇಕೆಂಬುದು ಸ್ಪರ್ಧೆಯ ನಿಯಮ. ಹೊರಬಿದ್ದರೆ ಬಹುಮಾನವೂ ಹೋಯಿತು, ಮಾನವೂ ಹೋಯಿತು.

ತನಿಖಾಧಿಕಾರಿ ಕಾವಲುಗಾರನ ಕಡೆ ತಿರುಗಿದರು. "ಬೆಳಿಗ್ಗೆ ಯಾರಾದ್ರೂ ನಿಮ್ಮ ಹತ್ರ ಗೋಂದು ಕೇಳಿದ್ರಾ?"

ಅವನು ತಲೆ ಕೆರೆದುಕೊಂಡ. "ಒಬ್ಬರು ಅಮ್ಮ ಕೇಳಿದ್ರು. ಏನೋ ಕಿತ್ತುಹೋಗಿದೆ, ಅಂಟಿಸ್ಬೇಕು ಅಂದ್ರು. ಚಪ್ಪಲಿ ಇರ್ಬೇಕು ಅಂತ ಕೊಟ್ಟೆ. ತುಂಬ ಮರ್ಯಾದಸ್ಥರು ಮೇಡಂ, ಬಾಟಲಿ ಒರೆಸಿ ವಾಪಸ್ ಕೊಟ್ರು."

ತನಿಖಾಧಿಕಾರಿ ಕರವಸ್ತ್ರ ಒದ್ದೆ ಮಾಡಿ ಆ ಚೂರನ್ನು ಮೆಲ್ಲಗೆ ಬಿಡಿಸಿದರು. ಚಿತ್ರಕ್ಕೆ ಏನೂ ಆಗಿರಲಿಲ್ಲ. ಚೂರನ್ನು ಛಾಯಾಗ್ರಾಹಕನ ಮುಂದೆ ಹಿಡಿದರು.

"ಇದನ್ನ ಎಲ್ಲಾದ್ರೂ ನೋಡಿದ್ದೀರಾ?"

"ಇದಾ? ಯಾವುದೋ ನೆಲ ಒರೆಸೋ ಬಟ್ಟೆ."

"ಚೆನ್ನಾಗಿ ನೋಡಿ ಹೇಳಿ."

"ನೋಡೋದೇನಿದೆ? ಚಿಂದಿ!"

ಅವರು ಚೂರನ್ನು ಅಂಗೈ ಮೇಲೆ ಹರಡಿದರು. ಎಲ್ಲರೂ ಸುತ್ತ ನೆರೆದರು.

"ಅಂಚು ನೋಡಿ. ನಾಲ್ಕೂ ಕಡೆ ಒಳಗೆ ಮಡಚಿ ಇಸ್ತ್ರಿ ಹಾಕಿದ್ದಾರೆ. ಕೆಡಿಸೋಕೆ ಬಂದವರು ಇಷ್ಟು ಒಪ್ಪ ಮಾಡ್ತಾರಾ? ಇದು ಚಿಂದಿಯಲ್ಲ, ತೇಪೆ. ಇನ್ನು ನೇಯ್ಗೆ. ಎರಡು ಸಣ್ಣ ಗೆರೆ, ಪಕ್ಕದಲ್ಲಿ ಒಂದು ದಪ್ಪ ಗೆರೆ. ಈಗ ಚಿತ್ರದ ಶಾಲು ನೋಡಿ."

"ಅರೆ, ಅದೇ ಗೆರೆ!" ಎಂದರು ಕಾರ್ಯದರ್ಶಿ. "ಆದ್ರೆ ಬಣ್ಣ ಬೇರೆ ಇದೆಯಲ್ಲ ಮೇಡಂ?"

"ಬಣ್ಣ ಬದಲಾಗಿದ್ದು ಚಿತ್ರದಲ್ಲಿ, ಬಟ್ಟೆಯಲ್ಲಲ್ಲ. ಕಂಪ್ಯೂಟರಿನಲ್ಲಿ ಏರಿಸಿದ್ದೀರಿ, ಅಲ್ವಾ?"

"ಅದು... ಕಾಂಟ್ರಾಸ್ಟಿಗೆ. ನೀಲಿಯ ಎದುರು ಕಿತ್ತಳೆ ನಿಂತ್ರೆನೇ ಮುಖ ಎದ್ದು ಕಾಣೋದು—"

ಅವನ ಕಣ್ಣು ಮತ್ತೆ ಆ ಚೂರಿನ ಮೇಲೆ ಬಿತ್ತು. ಆ ಮಾಸಲು ಇಟ್ಟಿಗೆಯ ಬಣ್ಣ. ಜ್ವರ ಬಂದಾಗಲೆಲ್ಲ ಅಕ್ಕ ಅವನಿಗೆ ಹೊದಿಸುತ್ತಿದ್ದ ಶಾಲು. ಅದರೊಳಗೆ ಮಲಗಿ ಬೆಳೆದವನಿಗೆ ಅದರ ಗುರುತು ಸಿಕ್ಕಿರಲಿಲ್ಲ. ನೆಲ ಒರೆಸೋ ಬಟ್ಟೆ ಎಂದಿದ್ದ. ಕಿವಿಯವರೆಗೂ ಬಿಸಿಯೇರಿತು.

"ಇದು ಅದೇ ಶಾಲಿನ ಚೂರು," ಎಂದರು ತನಿಖಾಧಿಕಾರಿ. "ಆ ಶಾಲು ಯಾರ ಹತ್ರ ಇದೆಯೋ ಅವರೇ ಅಂಟಿಸಿದ್ದು. ಅಂದ್ರೆ, ಚಿತ್ರದಲ್ಲಿರೋ ಹೆಂಗಸೇ."

ಕಾವಲುಗಾರ ಬಾಯಿ ತೆರೆದ. "ಆ ಅಮ್ಮಾನಾ? ಅವರು ಹೊರಗೆ ಬೆಂಚಿನ ಮೇಲೇ ಕೂತಿದ್ದಾರಲ್ಲ! ಆದ್ರೆ ಈ ಚಿತ್ರದಲ್ಲಿರೋರ ಥರ ಇಲ್ವೇ ಇಲ್ಲ!"

ಒಳಗೆ ಬಂದವಳು ಎಣ್ಣೆ ಹಾಕಿ ಬಾಚಿದ ಕೂದಲಿನ, ಕನ್ನಡಕದ ಹೆಂಗಸು. ಹೆಗಲ ಮೇಲೆ ಇಟ್ಟಿಗೆ ಬಣ್ಣದ ಶಾಲು. ಸೀಳಿದ ಕಡೆ ತೇಪೆ ಹಾಕಿದ್ದು ಹುಡುಕಿದರೂ ಕಾಣುವಂತಿರಲಿಲ್ಲ.

"ಹೌದಮ್ಮ, ನಾನೇ ಅಂಟಿಸಿದ್ದು," ಎಂದಳು ಅವಳು, ಯಾರೂ ಕೇಳುವ ಮೊದಲೇ. "ನಿನ್ನೆ ಗಿರಾಕಿಯೊಬ್ಬರು ಹೇಳಿದ್ರು ಅಂತ ಬಂದು ನೋಡ್ದೆ. ಹೊಲಿಗೆ ನನ್ನ ಕಸುಬು. ಇಷ್ಟು ಜನ ನೋಡೋ ಕಡೆ ಹರಕು ಹೊದ್ದು ನಿಂತಿದ್ದೀನಲ್ಲ ಅಂತ ನಾಚಿಕೆ ಆಯ್ತು. ಶಾಲಿನ ಅಂಚಿಂದ ಒಂದು ಚೂರು ಕತ್ತರಿಸಿ ಇವತ್ತು ತಂದೆ. ಕೆಳಗೆ ಬರೆದಿರೋದನ್ನ ಅಳಿಸೋಕೆ ನಂಗೆ ಬರಲ್ಲ. ತೇಪೆ ಹಾಕೋಕೆ ಬರುತ್ತೆ."

ಮದುವೆ ಫೋಟೋದವನು ಮುಂದೆ ಬಂದು ಛಾಯಾಗ್ರಾಹಕನ ಕಡೆ ಕೈ ತೋರಿಸಿದ. "ಇವರು ನಿಮಗೇನಾಗ್ಬೇಕು?"

ಅಕ್ಕ ತಮ್ಮನ ಮುಖ ನೋಡಿದಳು. ಬೆವರಿದ ಹಣೆ, ಬಿಳಿಚಿದ ತುಟಿ. ಮಗುವಾಗಿದ್ದಾಗ ಏನಾದರೂ ಒಡೆದು ಬಂದು ನಿಂತಾಗಲೂ ಅವನ ಮುಖ ಹೀಗೇ ಇರುತ್ತಿತ್ತು.

"ಏನೂ ಆಗ್ಬೇಕಾಗಿಲ್ಲ," ಎಂದಳು. "ಈ ಸಾಹೇಬರು ಬರೆದಿರೋದೇ ಸರಿ. ಬಸ್ ನಿಲ್ದಾಣದ ಹತ್ರ ಫೋಟೋ ತೆಗೆದ್ರು. ಅವರ ಚಿತ್ರ ನಾನು ಮುಟ್ಟಬಾರದಾಗಿತ್ತು, ತಪ್ಪಾಯ್ತು."

ಸಾಹೇಬರು! ಹುಟ್ಟಿದಾಗಿನಿಂದ 'ಲೋ' ಎಂದು ಕರೆದ ಬಾಯಿ ಬಹುವಚನ ಕೊಟ್ಟಿತ್ತು. ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಅಕ್ಕಾ..." ತಾನಾಗಿಯೇ ಹೊರಬಿತ್ತು.

ಕಾರ್ಯದರ್ಶಿ ಎರಡೂ ಕೈ ಜೋಡಿಸಿದರು. "ನೋಡಿದ್ರಾ ದೊಡ್ಡತನ! ತನ್ನ ಚಿತ್ರಕ್ಕೆ ಕೈ ಹಾಕಿದವರನ್ನೂ ಅಕ್ಕ ಅಂತಾರೆ! ಸಂಜೆ ವೇದಿಕೆ ಮೇಲೆ ಇದನ್ನ ಹೇಳಲೇಬೇಕು."

ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಪಾರಾಗಲು ದಾರಿ ತಾನಾಗಿಯೇ ತೆರೆದಿತ್ತು. ಸುಮ್ಮನಿದ್ದರೆ ಸಾಕು. ಬೀದಿಯಲ್ಲಿ ಸಿಕ್ಕ ಯಾವ ಹೆಂಗಸನ್ನೂ ಅಕ್ಕ ಎನ್ನಬಹುದು. ಸುಮ್ಮನಿದ್ದುಬಿಡೋಣ ಅನ್ನಿಸಿತು ಕೂಡ. ಹಾಗೆ ಅನ್ನಿಸಿತಲ್ಲ ಎಂದು ತಿಳಿದ ಮರುಗಳಿಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ಹೇಸಿಗೆಯಾಯಿತು, ತನ್ನ ಮೇಲೆ ತನಗೇ.

ತನಿಖಾಧಿಕಾರಿ ಅವನನ್ನೇ ನೋಡುತ್ತಿದ್ದರು. "ಹೇಳಿ, ದೂರು ಯಾರ ಮೇಲೆ ಬರೀಲಿ?"

"ನನ್ನ ಮೇಲೆ," ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ. "ನನ್ನ ಮೇಲೇ ಬರೀರಿ. ಇವಳು ನನ್ನ ಸ್ವಂತ ಅಕ್ಕ. ಒಡಹುಟ್ಟಿದವಳು. ಬಸ್ ನಿಲ್ದಾಣ, ಅನಾಥೆ, ಎಲ್ಲಾ ಸುಳ್ಳು. ಆ ಶಾಲಿಗೆ ಕತ್ತರಿ ಹಾಕಿದ್ದೂ ನಾನೇ."

ಕಾರ್ಯದರ್ಶಿಯ ಜೋಡಿಸಿದ ಕೈಗಳು ಕೆಳಗಿಳಿದವು. ಮದುವೆ ಫೋಟೋದವನು ನಗಲಿಲ್ಲ, ಮುಖ ಬೇರೆ ಕಡೆ ತಿರುಗಿಸಿಕೊಂಡ. ನಕ್ಕಿದ್ದರೇ ಎಷ್ಟೋ ವಾಸಿಯಿತ್ತು.

"ಅಯ್ಯೋ ಪೆದ್ದಾ," ಎಂದಳು ಅಕ್ಕ ಮೆಲ್ಲಗೆ, ಅವನ ತೋಳು ಹಿಡಿದು. "ಸಂಜೆ ತನಕ ಬಾಯಿ ಮುಚ್ಕೊಂಡಿದ್ರೆ ಬಹುಮಾನ ನಿಂದೇ ಆಗ್ತಿತ್ತಲ್ಲೋ."

ಅವಳು ನಿಜವಾಗಿಯೂ ಮರುಗುತ್ತಿದ್ದಳು. ಅವನಿಗೆ ತಲೆ ಎತ್ತಲಾಗಲಿಲ್ಲ.